ಗೊಥಾರ್ಡ್ ಕಣಿವೆಯ ಲಾರಿಗಳು: ನೆರೆಯ ಮಾರುಕಟ್ಟೆಯ ಕಾನೂನು ಮತ್ತು ಬೆಟ್ಟದ ಜನರ ಮಾತು

(ಬಳಗದ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಒಂದು ಸಣ್ಣ ದೇಶ ತನ್ನ ನೆರೆಯಲ್ಲಿರುವ ದೊಡ್ಡ ವ್ಯಾಪಾರ ಒಕ್ಕೂಟದ ನಿಯಮಗಳಿಗೆ ತನ್ನ ಕಾನೂನುಗಳನ್ನು ಹೊಂದಿಸಿಕೊಳ್ಳಬೇಕಾಗಿ ಬಂದಾಗ ಏನಾಗುತ್ತದೆ ಎಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ಮೇಲುನೋಟಕ್ಕೆ ಇದು ವಕೀಲರು ಮತ್ತು ಅರ್ಥಶಾಸ್ತ್ರಜ್ಞರು ಚರ್ಚಿಸಬೇಕಾದ ವಿಷಯವೆಂದು ತೋರುತ್ತದೆ. ಅಡಿಕೆ ತೋಟ, ಕಾಫಿ ತೋಟ, ಬೆಟ್ಟ, ಬ್ಯಾಣಗಳ ನಡುವೆ ಬದುಕುವ ನಮಗೆ ಇದರಿಂದ ಆಗಬೇಕಾದುದೇನು ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಿರಬಹುದು. ಆ ಪ್ರಶ್ನೆ ನ್ಯಾಯವಾದುದು. ಒಂದು ಲಾರಿ ಎಷ್ಟು ಟನ್ ಭಾರ ಹೊತ್ತು ಘಟ್ಟ ಹತ್ತಬಹುದು ಎಂಬ ಒಂದು ಸಾಲಿನ ನಿಯಮವು ಒಂದು ಕಣಿವೆಯ ಗಾಳಿ, ನಿದ್ದೆ, ಕಾಡುಗಳ ಗತಿಯನ್ನು ನಿರ್ಧರಿಸಬಲ್ಲದು. ಆ ಸಾಲನ್ನು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಬರೆಯುತ್ತಾರೆ ಎಂಬುದು ಬೆಟ್ಟದ ಪ್ರತಿಯೊಂದು ಹಳ್ಳಿಗೂ ಸಂಬಂಧಿಸಿದ ಸಂಗತಿ.

ಇದಕ್ಕೆ ಉದಾಹರಣೆಯಾಗಿ ನಾನು ಸ್ವಿಟ್ಜರ್ಲೆಂಡ್ ದೇಶವನ್ನು ಆರಿಸಿಕೊಂಡಿದ್ದೇನೆ. ಆ ಹೆಸರು ಕೇಳಿದೊಡನೆ ನಮಗೆ ಗಡಿಯಾರ, ಬ್ಯಾಂಕು, ಚಲನಚಿತ್ರದ ಹಿಮಬೆಟ್ಟಗಳು ನೆನಪಾಗುತ್ತವೆ. ಅದು ಶ್ರೀಮಂತ ದೇಶ, ನಮ್ಮ ಸ್ಥಿತಿಯೇ ಬೇರೆ, ಹೋಲಿಕೆ ಸಲ್ಲದು ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಅಲ್ಲಿಯೂ ಬಯಲಿನ ವ್ಯಾಪಾರಕ್ಕೆ ಬೆಟ್ಟವೆಂದರೆ ದಾಟಬೇಕಾದ ಒಂದು ಅಡ್ಡಿ ಮಾತ್ರ. ಅಲ್ಲಿ ಬದುಕುವವರಿಗೆ ಮಾತ್ರ ಅದು ಮನೆ. ಈ ಒಂದು ಅಂಶದಲ್ಲಿ ಆಲ್ಪ್ಸ್‌ಗೂ ಸಹ್ಯಾದ್ರಿಗೂ ಭೇದವಿಲ್ಲ.

ಇಕ್ಕಟ್ಟಿನ ದಾರಿ

ಯೂರೋಪಿನ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಉತ್ತರದಲ್ಲಿ ಜರ್ಮನಿ ಮತ್ತು ಹಾಲೆಂಡಿನ ಕಾರ್ಖಾನೆಗಳು, ಬಂದರುಗಳು. ದಕ್ಷಿಣದಲ್ಲಿ ಮಿಲಾನ್, ಜಿನೋವಾದಂತಹ ಇಟಲಿಯ ನಗರಗಳು. ನಡುವೆ ಅಡ್ಡಲಾಗಿ ಆಲ್ಪ್ಸ್ ಪರ್ವತಶ್ರೇಣಿ. ಉತ್ತರದ ಸರಕು ದಕ್ಷಿಣಕ್ಕೆ ಹೋಗಬೇಕಾದರೆ ಫ್ರಾನ್ಸ್, ಸ್ವಿಟ್ಜರ್ಲೆಂಡ್ ಅಥವಾ ಆಸ್ಟ್ರಿಯದ ಕಣಿವೆಗಳ ಮೂಲಕವೇ ಹಾಯಬೇಕು. ಇವುಗಳಲ್ಲಿ ಹತ್ತಿರದ ದಾರಿಯೆಂದರೆ ಸ್ವಿಟ್ಜರ್ಲೆಂಡಿನ ನಟ್ಟನಡುವೆ, ಊರಿ ಎಂಬ ಪುಟ್ಟ ಪ್ರಾಂತದಲ್ಲಿ, ರಾಯ್ಸ್ ನದಿಯ ಕೊಳ್ಳವನ್ನು ಹಿಡಿದು ಏರಿ ಗೊಥಾರ್ಡ್ ಬೆಟ್ಟವನ್ನು ದಾಟುವ ಮಾರ್ಗ.

ಈ ಬೆಟ್ಟದಡಿಯಲ್ಲಿ 1882ರಲ್ಲಿಯೇ ರೈಲು ಸುರಂಗ ತೆರೆದಿತ್ತು. 1980ರಲ್ಲಿ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗವೂ ಸಿದ್ಧವಾಯಿತು. ಅಲ್ಲಿಂದ ಕಣಿವೆಯ ಬದುಕು ಬದಲಾಯಿತು. ಇಕ್ಕೆಲಗಳಲ್ಲಿ ಕಡಿದಾದ ಬೆಟ್ಟ. ನಡುವೆ ಕಿರಿದಾದ ಸಮತಟ್ಟು. ಅದರಲ್ಲಿಯೇ ನದಿ, ಹಳ್ಳಿ, ಹುಲ್ಲುಗಾವಲು, ರೈಲು ಹಳಿ ಮತ್ತು ಹೆದ್ದಾರಿ. ಚಳಿಗಾಲದಲ್ಲಿ ತಂಪು ಗಾಳಿ ತಳದಲ್ಲಿ ಕುಳಿತು, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದಂತೆ ನಿಲ್ಲುವುದರಿಂದ ಲಾರಿಗಳ ಹೊಗೆ ಮೇಲೇರದೆ ಕಣಿವೆಯಲ್ಲಿಯೇ ಉಳಿಯುತ್ತದೆ. ಶಬ್ದವು ಬೆಟ್ಟದ ಗೋಡೆಗಳಿಗೆ ತಾಗಿ ಎತ್ತರದ ಮನೆಗಳನ್ನೂ ಮುಟ್ಟುತ್ತದೆ. ಬಯಲಿನಲ್ಲಿ ಒಂದು ಲಾರಿ ಮಾಡುವ ಹಾನಿಗಿಂತ ಬೆಟ್ಟದ ಕೊಳ್ಳದಲ್ಲಿ ಅದೇ ಲಾರಿ ಮಾಡುವ ಹಾನಿ ಹೆಚ್ಚು. ಘಟ್ಟದ ತಿರುವುಗಳ ಬಳಿ ಮನೆಯಿರುವ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ರಕ್ಷಣೆಯಿತ್ತು. 28 ಟನ್‌ಗಿಂತ ಹೆಚ್ಚು ಭಾರದ ಲಾರಿಗೆ ಸ್ವಿಸ್ ರಸ್ತೆಗಳಲ್ಲಿ ಪ್ರವೇಶವಿರಲಿಲ್ಲ. ರಾತ್ರಿ ಮತ್ತು ಭಾನುವಾರಗಳಂದು ಲಾರಿ ಸಂಚಾರಕ್ಕೆ ನಿಷೇಧವಿತ್ತು. ಈ ನಿಷೇಧ ಇಂದಿಗೂ ಇದೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ ಸಂಚಾರ ನಿಷೇಧವನ್ನು ಬಲ್ಲ ನಮಗೆ ಇಂತಹ ನಿಯಮದ ಬೆಲೆ ಗೊತ್ತು. ಸುತ್ತಲಿನ ದೇಶಗಳಲ್ಲಿ ಮಾತ್ರ 40 ಟನ್ ಲಾರಿಗಳು ಓಡುತ್ತಿದ್ದವು. ಆದ್ದರಿಂದ ಭಾರದ ಲಾರಿಗಳು ಸ್ವಿಟ್ಜರ್ಲೆಂಡನ್ನು ಬಳಸಿಕೊಂಡು ಫ್ರಾನ್ಸ್ ಮತ್ತು ಆಸ್ಟ್ರಿಯದ ಕಣಿವೆಗಳಿಗೆ ಹೋಗುತ್ತಿದ್ದವು. ಇದನ್ನು ಮರೆಯಬಾರದು. ನಮ್ಮ ಬೆಟ್ಟಕ್ಕೆ ಬೇಡವೆಂದ ಹೊಗೆ ನೆರೆಯ ಬೆಟ್ಟದವನ ಮನೆಗೆ ಹೋಗುತ್ತಿತ್ತು.

ಒಕ್ಕೂಟದ ಹೊರಗೆ, ಕಾನೂನಿನ ಒಳಗೆ

ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ. ಆದರೆ ಆ ದೇಶದ ರಫ್ತಿನ ಸುಮಾರು ಅರ್ಧ ಭಾಗ ಒಕ್ಕೂಟದ ದೇಶಗಳಿಗೇ ಹೋಗುತ್ತದೆ. 1972ರಲ್ಲಿಯೇ ಉಭಯರ ನಡುವೆ ಮುಕ್ತ ವ್ಯಾಪಾರ ಒಪ್ಪಂದವಾಗಿತ್ತು. ಮುಂದೆ ಒಕ್ಕೂಟವು ತನ್ನೊಳಗಿನ ದೇಶಗಳಿಗೆಲ್ಲ ಒಂದೇ ಮಾರುಕಟ್ಟೆಯನ್ನು ಕಟ್ಟಲು ಹೊರಟಾಗ ಆ ಮಾರುಕಟ್ಟೆಯೊಳಕ್ಕೆ ಪೂರ್ಣವಾಗಿ ಸೇರುವ 'ಐರೋಪ್ಯ ಆರ್ಥಿಕ ಪ್ರದೇಶ'ದ ಒಪ್ಪಂದ ಸ್ವಿಸ್ ಮತದಾರರ ಮುಂದೆ ಬಂತು. 1992ರ ಡಿಸೆಂಬರ್ 6ರಂದು ನಡೆದ ಜನಮತಗಣನೆಯಲ್ಲಿ ಶೇಕಡ 78ಕ್ಕೂ ಹೆಚ್ಚು ಮಂದಿ ಮತ ಹಾಕಿದರು, ಶೇಕಡ 50.3 ಮಂದಿ ಬೇಡವೆಂದರು. ಬಹುಸಂಖ್ಯೆಯ ಪ್ರಾಂತಗಳೂ ಬೇಡವೆಂದವು. ಒಪ್ಪಂದ ಬಿತ್ತು.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ತಿಳಿಯಬಹುದು. ವಾಸ್ತವವಾಗಿ ಅಲ್ಲಿಂದಲೇ ಅದು ಆರಂಭ. ಆ ಒಪ್ಪಂದಕ್ಕಾಗಿ ಸಿದ್ಧಪಡಿಸಿದ್ದ ತಿದ್ದುಪಡಿಗಳಲ್ಲಿ ಹಲವನ್ನು 1993ರಲ್ಲಿ ಸ್ವಿಸ್ ಸಂಸತ್ತು ತನ್ನದೇ ಕಾನೂನುಗಳಾಗಿ ಅಂಗೀಕರಿಸಿತು. ದೋಷವುಳ್ಳ ಸರಕಿಗೆ ತಯಾರಕನ ಹೊಣೆ, ಗ್ರಾಹಕರ ಸಾಲ, ಪ್ರವಾಸ ವ್ಯವಸ್ಥೆ ಮೊದಲಾದ ವಿಷಯಗಳ ಕಾನೂನುಗಳು ಹೀಗೆ ಬಂದವು. ಅದಕ್ಕೂ ಮೊದಲು, 1988ರಿಂದಲೇ, ಸರ್ಕಾರ ಸಂಸತ್ತಿಗೆ ಯಾವ ಮಸೂದೆಯನ್ನು ಕಳುಹಿಸಿದರೂ ಅದು ಐರೋಪ್ಯ ಕಾನೂನಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ವಿವರಣೆಯನ್ನು ಜೊತೆಗಿಡುವ ಪದ್ಧತಿ ಬಂದಿತ್ತು. ಅಲ್ಲಿನ ಕಾನೂನು ಪಂಡಿತರು ಇದನ್ನು 'ಸ್ವಾಯತ್ತ ಅನುಸರಣೆ' ಎಂದು ಕರೆಯುತ್ತಾರೆ. ಅನುಸರಣೆಯೂ ಹೌದು, ಸ್ವಾಯತ್ತವೂ ಹೌದು! ಯಾರೂ ಒತ್ತಾಯಿಸಿಲ್ಲ, ಆದರೆ ಅನುಸರಿಸದಿದ್ದರೆ ಸರಕು ಗಡಿಯಲ್ಲಿ ನಿಲ್ಲುತ್ತದೆ.

ಈ ಅನುಸರಣೆ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಾಹನಗಳ ಹೊಗೆಯ ಮಿತಿಗಳನ್ನು ಒಕ್ಕೂಟವು ಬಿಗಿಗೊಳಿಸುತ್ತ ಹೋದಂತೆ ಸ್ವಿಟ್ಜರ್ಲೆಂಡ್ ಅವುಗಳನ್ನು ಅಳವಡಿಸಿಕೊಂಡಿತು. ಕಣಿವೆಯ ಗಾಳಿಗೆ ಇದರಿಂದ ಒಳ್ಳೆಯದೇ ಆಯಿತು. 2005ರಲ್ಲಿ ಜಾರಿಯಾದ ಹೊಸ ರಾಸಾಯನಿಕ ಕಾನೂನನ್ನೂ ಒಕ್ಕೂಟದ ನಿಯಮಗಳಿಗೆ ಹೊಂದುವಂತೆಯೇ ರೂಪಿಸಲಾಯಿತು. ನೆರೆಯವರ ನಿಯಮ ಎಂಬ ಕಾರಣಕ್ಕೇ ಅದನ್ನು ತಿರಸ್ಕರಿಸುವುದು ವಿವೇಕವಲ್ಲ. ತೊಂದರೆ ಇರುವುದು ಬೇರೆ ಕಡೆ. ನಿಯಮವನ್ನು ಬರೆಯುವ ಮೇಜಿನ ಬಳಿ ಅನುಸರಿಸುವವನಿಗೆ ಕುರ್ಚಿಯಿಲ್ಲ. ನಾರ್ವೆ ದೇಶ ಐರೋಪ್ಯ ಆರ್ಥಿಕ ಪ್ರದೇಶಕ್ಕೆ ಸೇರಿಕೊಂಡಿತು, ಒಕ್ಕೂಟಕ್ಕೆ ಸೇರಲಿಲ್ಲ. ಹೀಗಾಗಿ ತಾನು ಮತ ಹಾಕಿರದ ನಿಯಮಗಳು ಬ್ರಸೆಲ್ಸ್ ನಗರದಿಂದ ಬರುತ್ತವೆ, ತಾನು ಜಾರಿ ಮಾಡುತ್ತದೆ. ಇದಕ್ಕೆ ಅಲ್ಲಿನವರೇ 'ಫ್ಯಾಕ್ಸ್ ಪ್ರಜಾಪ್ರಭುತ್ವ' ಎಂದು ವ್ಯಂಗ್ಯದ ಹೆಸರಿಟ್ಟರು.

ಕಣಿವೆಯ ಜನ ಎದ್ದದ್ದು

ಸ್ವಿಸ್ ಸಂವಿಧಾನದಲ್ಲಿ ಒಂದು ವಿಶೇಷ ಏರ್ಪಾಡಿದೆ. 18 ತಿಂಗಳೊಳಗೆ ಒಂದು ಲಕ್ಷ ಮತದಾರರ ಸಹಿ ಸಂಗ್ರಹಿಸಿದರೆ ಸಂವಿಧಾನದ ತಿದ್ದುಪಡಿಯೊಂದನ್ನು ಜನರೇ ಪ್ರಸ್ತಾಪಿಸಬಹುದು. ಮತದಾರರ ಬಹುಮತ ಮತ್ತು ಪ್ರಾಂತಗಳ ಬಹುಮತ ಎರಡೂ ದೊರೆತರೆ ಅದು ಸಂವಿಧಾನದ ಭಾಗವಾಗುತ್ತದೆ. ಇದನ್ನೇ 'ಜನಪ್ರಸ್ತಾವ' ಎನ್ನೋಣ. 1989ರಲ್ಲಿ ಊರಿ ಪ್ರಾಂತದ ಮತ್ತು ಅಕ್ಕಪಕ್ಕದ ಬೆಟ್ಟ ಪ್ರದೇಶಗಳ ಜನ ಸೇರಿ ಆಲ್ಪ್ಸ್ ಜನಪ್ರಸ್ತಾವವನ್ನು ಆರಂಭಿಸಿದರು. ಅವರ ಬೇಡಿಕೆ ಸರಳವಾಗಿತ್ತು. ಒಂದು ಗಡಿಯಿಂದ ಇನ್ನೊಂದು ಗಡಿಗೆ ದೇಶವನ್ನು ದಾಟಿ ಹೋಗುವ ಸರಕು ಹತ್ತು ವರ್ಷಗಳೊಳಗೆ ರಸ್ತೆ ಬಿಟ್ಟು ರೈಲಿಗೆ ಏರಬೇಕು. ಆಲ್ಪ್ಸ್ ಪ್ರದೇಶದ ಹಾಯ್ದುಹೋಗುವ ರಸ್ತೆಗಳ ಸಾಮರ್ಥ್ಯವನ್ನು ಹೆಚ್ಚಿಸಬಾರದು.

ಸರ್ಕಾರ ಇದನ್ನು ವಿರೋಧಿಸಿತು. ಸಂಸತ್ತಿನ ಬಹುಮತವೂ ತಿರಸ್ಕರಿಸಿ ಎಂದು ಜನರಿಗೆ ಸಲಹೆ ನೀಡಿತು. ಒಕ್ಕೂಟದೊಡನೆ ಮಾತುಕತೆ ಕೆಡುತ್ತದೆ, ದೇಶ ಒಂಟಿಯಾಗುತ್ತದೆ ಎಂಬ ಎಚ್ಚರಿಕೆಗಳು ಕೇಳಿಬಂದವು. 1994ರ ಫೆಬ್ರವರಿ 20ರಂದು ಮತದಾನ ನಡೆಯಿತು. ಶೇಕಡ 51.9 ಮಂದಿ ಪ್ರಸ್ತಾವವನ್ನು ಒಪ್ಪಿದರು. ಬೆಟ್ಟದವರ ಬೇಡಿಕೆ ಸಂವಿಧಾನದ ವಾಕ್ಯವಾಯಿತು. ಇಂದಿನ ಸ್ವಿಸ್ ಸಂವಿಧಾನದಲ್ಲಿ ಅದು 84ನೆಯ ವಿಧಿ.

ಸ್ನೇಹಿತರೆ, ಆಗ ಒಕ್ಕೂಟದೊಡನೆ ಭೂಸಾರಿಗೆಯ ಒಪ್ಪಂದದ ಮಾತುಕತೆ ಇನ್ನೂ ನಡೆದಿರಲಿಲ್ಲ. ಮೇಜಿಗೆ ಕುಳಿತುಕೊಳ್ಳುವ ಮೊದಲೇ ಒಂದು ಪಕ್ಷದ ಕೈಯಲ್ಲಿ ಜನ ಬರೆದುಕೊಟ್ಟ ವಾಕ್ಯವಿತ್ತು. ನಮ್ಮ ಸರ್ಕಾರಕ್ಕೆ ಇಷ್ಟವಿಲ್ಲದಿದ್ದರೂ ನಮ್ಮ ಸಂವಿಧಾನ ಹೀಗೆ ಹೇಳುತ್ತದೆ ಎಂದು ಹೇಳಬಲ್ಲ ಪ್ರತಿನಿಧಿಗೆ ಇರುವ ಬಲ ಬರಿಗೈಯಲ್ಲಿ ಹೋದವನಿಗೆ ಇರುವುದಿಲ್ಲ.

ಉಪ್ಪು ತಿಂದವನು ನೀರು ಕುಡಿಯಬೇಕು

ಒಕ್ಕೂಟದ ಕಾನೂನಿನ ಮೂಲತತ್ತ್ವಗಳಲ್ಲಿ ಒಂದು ತಾರತಮ್ಯ ನಿಷೇಧ. ನಮ್ಮ ದೇಶದ ಲಾರಿಗೆ ಒಂದು ನಿಯಮ, ಹೊರದೇಶದ ಲಾರಿಗೆ ಇನ್ನೊಂದು ನಿಯಮ ಎನ್ನುವಂತಿಲ್ಲ. ಜನಪ್ರಸ್ತಾವದ ಮಾತುಗಳೋ ದೇಶವನ್ನು ದಾಟಿ ಹೋಗುವ, ಎಂದರೆ ಬಹುತೇಕ ಹೊರಗಿನವರ, ಸರಕಿನ ಬಗೆಗಿದ್ದವು. ಅದನ್ನು ಅಕ್ಷರಶಃ ಜಾರಿ ಮಾಡಿದರೆ ನೆರೆಯವರೊಡನೆ ಜಗಳ ಖಂಡಿತ.

ಸ್ವಿಸ್ ಜನ ಕಂಡುಕೊಂಡ ದಾರಿ ಇದು: ಲಾರಿ ಯಾವ ದೇಶದ್ದೆಂದು ಕೇಳುವುದು ಬೇಡ, ಎಷ್ಟು ಭಾರ, ಎಷ್ಟು ದೂರ, ಎಷ್ಟು ಹೊಗೆ ಎಂದು ಕೇಳೋಣ. 3.5 ಟನ್ ಮೀರಿದ ಪ್ರತಿಯೊಂದು ಸರಕು ವಾಹನವೂ, ಸ್ವದೇಶದ್ದಿರಲಿ ವಿದೇಶದ್ದಿರಲಿ, ದೇಶದ ಯಾವುದೇ ರಸ್ತೆಯಲ್ಲಿ ಓಡಿದ ಪ್ರತಿ ಕಿಲೋಮೀಟರಿಗೆ ತನ್ನ ಭಾರ ಮತ್ತು ಹೊಗೆಯ ವರ್ಗಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆಯೇ ಅಲ್ಲಿ ಕಾನೂನಾಯಿತು. ಲಾರಿ ಮಾಲೀಕರು ಇದನ್ನು ಪ್ರತಿಭಟಿಸಿ ಜನಮತಗಣನೆಗೆ ಎಳೆದರು. 1998ರ ಸೆಪ್ಟೆಂಬರ್‌ನಲ್ಲಿ ಶೇಕಡ 57ರಷ್ಟು ಮತದಾರರು ಕಾನೂನಿನ ಪರ ನಿಂತರು. 2001ರ ಜನವರಿ 1ರಿಂದ ಶುಲ್ಕ ಜಾರಿಗೆ ಬಂತು. ಅದರ ಮೂರನೆಯ ಒಂದು ಭಾಗ ಪ್ರಾಂತಗಳಿಗೆ. ಉಳಿದ ಎರಡು ಭಾಗ ಕೇಂದ್ರಕ್ಕೆ ಸೇರಿ ಅದರ ಬಹುಪಾಲು ಹೊಸ ರೈಲು ಮಾರ್ಗಗಳಿಗೆ ವಿನಿಯೋಗವಾಯಿತು.

1999ರ ಜೂನ್ 21ರಂದು ಸ್ವಿಟ್ಜರ್ಲೆಂಡ್ ಮತ್ತು ಒಕ್ಕೂಟ ಏಳು ಒಪ್ಪಂದಗಳಿಗೆ ಸಹಿ ಹಾಕಿದವು. ಅವುಗಳಲ್ಲಿ ಒಂದು ಭೂಸಾರಿಗೆಯ ಒಪ್ಪಂದ. ಇದರಲ್ಲಿ ಕೊಟ್ಟದ್ದೂ ಇದೆ, ಪಡೆದದ್ದೂ ಇದೆ. ಕೊಟ್ಟದ್ದು: 28 ಟನ್ನಿನ ಮಿತಿ. ಅದು 2001ರಲ್ಲಿ 34 ಟನ್‌ಗೆ, 2005ರಲ್ಲಿ 40 ಟನ್‌ಗೆ ಏರಿತು. ಪಡೆದದ್ದು: ಭಾರವಾಹನ ಶುಲ್ಕಕ್ಕೆ ಒಕ್ಕೂಟದ ಒಪ್ಪಿಗೆ, ಸರಕನ್ನು ರೈಲಿಗೆ ಏರಿಸುವ ನೀತಿಗೆ ಮನ್ನಣೆ, ರಾತ್ರಿ ಮತ್ತು ಭಾನುವಾರದ ನಿಷೇಧದ ಮುಂದುವರಿಕೆ. 40 ಟನ್ನಿನ ಲಾರಿ ದೇಶವನ್ನು ದಾಟುವ ಸುಮಾರು 300 ಕಿಲೋಮೀಟರ್ ಪಯಣಕ್ಕೆ ಸರಾಸರಿ 325 ಫ್ರಾಂಕ್‌ವರೆಗೆ ಶುಲ್ಕ ವಿಧಿಸಬಹುದೆಂದು ಒಪ್ಪಲಾಯಿತು. 2000ದ ಮೇ ತಿಂಗಳಲ್ಲಿ ಜನ ಈ ಒಪ್ಪಂದಗಳನ್ನು ಅನುಮೋದಿಸಿದರು. 2002ರ ಜೂನ್ 1ರಂದು ಅವು ಜಾರಿಗೆ ಬಂದವು.

ಇದರಲ್ಲಿ ಒಂದು ಕೊಕ್ಕೆಯೂ ಇತ್ತು. ಏಳರಲ್ಲಿ ಒಂದನ್ನು ರದ್ದು ಮಾಡಿದರೆ ಆರು ತಿಂಗಳಲ್ಲಿ ಏಳೂ ಬೀಳುತ್ತವೆ. ಒಂದು ಇಟ್ಟಿಗೆ ಎಳೆದರೆ ಇಡೀ ಗೋಡೆ ಕುಸಿಯುವಂತೆ ಕಟ್ಟಿದ ಮನೆ ಅದು. ದೊಡ್ಡವರು ಸಣ್ಣವರೊಡನೆ ಒಪ್ಪಂದ ಮಾಡಿಕೊಳ್ಳುವಾಗ ಇಂತಹ ಷರತ್ತುಗಳನ್ನು ಹುಡುಕಿ ಓದಬೇಕೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಲೆಕ್ಕ ಏನು ಹೇಳುತ್ತದೆ?

2000ದಲ್ಲಿ ಸ್ವಿಸ್ ಆಲ್ಪ್ಸ್ ದಾಟಿದ ಲಾರಿಗಳ ಸಂಖ್ಯೆ ಸುಮಾರು 14 ಲಕ್ಷ. ಅದನ್ನು ವರ್ಷಕ್ಕೆ 6.5 ಲಕ್ಷಕ್ಕೆ ಇಳಿಸಬೇಕೆಂದು ಕಾನೂನು ಹೇಳುತ್ತದೆ. ಭಾರದ ಮಿತಿ ಏರಿದ್ದರಿಂದ ಅದೇ ಸರಕಿಗೆ ಕಡಿಮೆ ಲಾರಿಗಳು ಸಾಕಾದವು; ಶುಲ್ಕವಿದ್ದುದರಿಂದ ಖಾಲಿ ಲಾರಿ ಓಡಿಸುವುದು ದುಬಾರಿಯಾಯಿತು; ಹೊಸ ರೈಲು ಸುರಂಗಗಳು ಒಂದೊಂದಾಗಿ ತೆರೆದವು. 2007ರಲ್ಲಿ 34.6 ಕಿಲೋಮೀಟರಿನ ಲೋಚ್‌ಬರ್ಗ್, 2016ರಲ್ಲಿ 57 ಕಿಲೋಮೀಟರಿನ ಗೊಥಾರ್ಡ್ ತಳಸುರಂಗ, 2020ರಲ್ಲಿ 15.4 ಕಿಲೋಮೀಟರಿನ ಚೆನೆರಿ. ಹಳೆಯ ರೈಲು ಸುರಂಗ ಸಮುದ್ರಮಟ್ಟದಿಂದ 1,151 ಮೀಟರ್ ಎತ್ತರದಲ್ಲಿತ್ತು. ಹೊಸದರ ಅತ್ಯುನ್ನತ ಬಿಂದು 549 ಮೀಟರ್. ಬೆಟ್ಟ ಹತ್ತುವ ಶ್ರಮವಿಲ್ಲದೆ ಭಾರದ ಗೂಡ್ಸ್ ರೈಲು ನೇರವಾಗಿ ಹಾಯುತ್ತದೆ. ಗೊಥಾರ್ಡ್ ತಳಸುರಂಗ ಕೊರೆಯುವಾಗ 9 ಮಂದಿ ಕಾರ್ಮಿಕರು ಪ್ರಾಣ ತೆತ್ತರು ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

2018ರಲ್ಲಿ ಲಾರಿಗಳ ಸಂಖ್ಯೆ 9.41 ಲಕ್ಷಕ್ಕೆ ಇಳಿದಿತ್ತು. ಅಲ್ಲಿಂದೀಚೆಗೆ ಅದು 9 ಲಕ್ಷದ ಆಸುಪಾಸಿನಲ್ಲಿಯೇ ಏರಿಳಿಯುತ್ತಿದೆ. ಆಲ್ಪ್ಸ್ ದಾಟುವ ಸರಕಿನಲ್ಲಿ ಸುಮಾರು ಶೇಕಡ 70 ಭಾಗ ರೈಲಿನಲ್ಲಿ ಹೋಗುತ್ತಿದೆ. ಗುರಿ ಈಡೇರಿಲ್ಲ, ಹತ್ತು ವರ್ಷವೆಂದು ಸಂವಿಧಾನ ಹೇಳಿದ್ದು ಮೂವತ್ತು ವರ್ಷ ದಾಟಿದರೂ ಪೂರ್ಣಗೊಂಡಿಲ್ಲ. 2023ರ ಆಗಸ್ಟ್‌ನಲ್ಲಿ ಗೊಥಾರ್ಡ್ ತಳಸುರಂಗದಲ್ಲಿ ಗೂಡ್ಸ್ ರೈಲೊಂದು ಹಳಿತಪ್ಪಿ, ಮಾರ್ಗ ಪೂರ್ಣವಾಗಿ ತೆರೆಯಲು 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಜನರೂ ಸದಾ ಒಂದೇ ಮಾತಾಡಿಲ್ಲ. ಗೊಥಾರ್ಡ್ ರಸ್ತೆ ಸುರಂಗದಲ್ಲಿ 2001ರ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದು 11 ಮಂದಿ ಸತ್ತಿದ್ದರು. ಅದರ ದುರಸ್ತಿಗೆಂದು ಎರಡನೆಯ ರಸ್ತೆ ಸುರಂಗ ಬೇಕೆ ಎಂದು 2016ರಲ್ಲಿ ಕೇಳಿದಾಗ ಶೇಕಡ 57 ಮಂದಿ ಬೇಕೆಂದರು. ದಕ್ಷಿಣದ ಟಿಚಿನೊ ಪ್ರಾಂತದವರಿಗೆ ತಾವು ದೇಶದಿಂದ ಕಡಿದುಹೋದೇವೆಂಬ ಭಯವಿತ್ತು. ಆದರೆ 84ನೆಯ ವಿಧಿ ಅಲ್ಲಿಯೂ ಅಡ್ಡ ನಿಂತಿತು. ಸುರಂಗ ಎರಡಾದರೂ ಒಂದೊಂದು ದಿಕ್ಕಿಗೆ ಒಂದೇ ಸಾಲಿನಲ್ಲಿ ವಾಹನಗಳು ಓಡಬೇಕು, ಸಾಮರ್ಥ್ಯ ಹೆಚ್ಚಬಾರದು ಎಂದು ಕಾನೂನಿನಲ್ಲಿಯೇ ಬರೆಯಬೇಕಾಯಿತು. 22 ವರ್ಷಗಳ ಹಿಂದೆ ಬರೆಸಿಟ್ಟ ಒಂದು ವಾಕ್ಯದ ಶಕ್ತಿ ಇದು.

ಬ್ರೆನ್ನರ್ ಕಣಿವೆಯ ಪಾಡು

ಇದೇ ಆಲ್ಪ್ಸ್‌ನ ಇನ್ನೊಂದು ಕಣಿವೆಯನ್ನು ನೋಡೋಣ. ಆಸ್ಟ್ರಿಯದ ಟಿರೋಲ್ ಪ್ರಾಂತ ಮತ್ತು ಇಟಲಿಯ ಗಡಿಯಲ್ಲಿರುವ ಬ್ರೆನ್ನರ್ ಕಣಿವೆಮಾರ್ಗದಲ್ಲಿ ವರ್ಷಕ್ಕೆ ಸುಮಾರು 24 ಲಕ್ಷ ಲಾರಿಗಳು ಹಾಯುತ್ತವೆ. ಸ್ವಿಟ್ಜರ್ಲೆಂಡಿನ ನಾಲ್ಕು ಮಾರ್ಗಗಳನ್ನೂ ಕೂಡಿಸಿದರೆ ಬರುವ ಸಂಖ್ಯೆಗಿಂತ ಎರಡು ಪಟ್ಟಿಗೂ ಹೆಚ್ಚು!

ಆಸ್ಟ್ರಿಯ 1995ರಲ್ಲಿ ಒಕ್ಕೂಟವನ್ನು ಸೇರಿತು. ಸೇರುವ ಮೊದಲೇ ಅದು ಪ್ರತಿ ಲಾರಿಯ ಹೊಗೆಗೆ ಅಂಕ ನೀಡಿ ಒಟ್ಟು ಅಂಕಗಳಿಗೆ ಮಿತಿ ಹೇರುವ 'ಪರಿಸರ ಅಂಕ' ಪದ್ಧತಿಯನ್ನು ಒಪ್ಪಿಸಿಕೊಂಡಿತ್ತು. ಆದರೆ ಅದು ಅವಧಿಯುಳ್ಳ ರಿಯಾಯಿತಿ. 2003ರ ಕೊನೆಗೆ ಆ ಮೂಲ ಏರ್ಪಾಡಿನ ಅವಧಿ ತೀರಿತು. ಕೆಲವು ಬಗೆಯ ಸರಕು ಹೊತ್ತ ಲಾರಿಗಳು ಹೆದ್ದಾರಿಗೆ ಬರಬಾರದೆಂದು ಟಿರೋಲ್ ನಿಷೇಧ ಹೊರಡಿಸಿತು. 2005ರಲ್ಲಿ ಐರೋಪ್ಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2011ರಲ್ಲಿ ಎರಡನೆಯ ಪ್ರಯತ್ನವೂ ಬಿತ್ತು. ಗಾಳಿಯನ್ನು ಕಾಪಾಡುವ ಉದ್ದೇಶ ಸರಿ, ಆದರೆ ಸರಕು ಓಡಾಟವನ್ನು ಅಷ್ಟು ತಡೆಯದ ಬೇರೆ ಕ್ರಮಗಳನ್ನು ಮೊದಲು ಪರಿಶೀಲಿಸಬೇಕಿತ್ತು ಎಂಬುದು ನ್ಯಾಯಾಲಯದ ವಾದದ ಸಾರ. 2016ರಿಂದ ಮೂರನೆಯ ರೂಪದ ನಿಷೇಧ ಜಾರಿಯಾಯಿತು. ಟಿರೋಲಿನ ಇಂತಹ ನಿರ್ಬಂಧಗಳ ವಿರುದ್ಧ 2024ರಲ್ಲಿ ಇಟಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಬ್ರೆನ್ನರ್‌ನ ಇನ್ನೊಂದು ತೀರ್ಪು ನಮ್ಮಂತಹ ಚಳವಳಿಗಳಿಗೆ ತಿಳಿದಿರಬೇಕು. 1998ರ ಜೂನ್‌ನಲ್ಲಿ ಅಲ್ಲಿನ ಪರಿಸರ ಹೋರಾಟಗಾರರು ಪೂರ್ವಭಾವಿಯಾಗಿ ತಿಳಿಸಿ, ಸುಮಾರು 30 ಗಂಟೆಗಳ ಕಾಲ ಹೆದ್ದಾರಿಯನ್ನು ತಡೆದು ಸಭೆ ನಡೆಸಿದರು. ನಷ್ಟವಾಯಿತೆಂದು ಸಾರಿಗೆ ಕಂಪನಿಯೊಂದು ಆಸ್ಟ್ರಿಯ ಸರ್ಕಾರದ ಮೇಲೆ ದಾವೆ ಹೂಡಿತು. 2003ರಲ್ಲಿ ಐರೋಪ್ಯ ನ್ಯಾಯಾಲಯ, ಸರಕಿನ ಮುಕ್ತ ಸಂಚಾರ ಮೂಲಭೂತ ತತ್ತ್ವವೇ ಆದರೂ ಜನರ ಅಭಿವ್ಯಕ್ತಿ ಮತ್ತು ಸಭೆ ಸೇರುವ ಸ್ವಾತಂತ್ರ್ಯವನ್ನು ಗೌರವಿಸಿ ಸರ್ಕಾರ ತಡೆಯದೆ ಇದ್ದದ್ದು ತಪ್ಪಲ್ಲ ಎಂದು ತೀರ್ಪಿತ್ತಿತು. ಮಾರುಕಟ್ಟೆಗಾಗಿ ಹುಟ್ಟಿದ ನ್ಯಾಯಾಲಯವೂ ಜನರ ದನಿಗೆ ಸ್ಥಳ ಕೊಡಬೇಕಾಯಿತು.

ಎರಡು ಕಣಿವೆಗಳ ಹೋಲಿಕೆಯಿಂದ ಒಕ್ಕೂಟದ ಹೊರಗಿದ್ದರೆ ಒಳಿತು, ಒಳಗಿದ್ದರೆ ಕೆಡುಕು ಎಂಬ ಸುಲಭ ತೀರ್ಮಾನಕ್ಕೆ ಬರಬೇಡಿ. ಆಸ್ಟ್ರಿಯಕ್ಕೆ ನಿಯಮ ಬರೆಯುವ ಮೇಜಿನ ಬಳಿ ಕುರ್ಚಿ ಸಿಕ್ಕಿತು. ಆದರೆ ಬೆಟ್ಟಕ್ಕೆ ಸಿಕ್ಕಿದ್ದು ಅವಧಿಯುಳ್ಳ ರಿಯಾಯಿತಿ. ಸ್ವಿಟ್ಜರ್ಲೆಂಡಿಗೆ ಕುರ್ಚಿ ಸಿಗಲಿಲ್ಲ. ಆದರೆ ಸಂವಿಧಾನದ ವಾಕ್ಯವಿತ್ತು, ಎಲ್ಲರಿಗೂ ಸಮನಾದ ಶುಲ್ಕವಿತ್ತು, ಸರಕನ್ನು ಹೊರಲು ಹಳಿಯೂ ಇತ್ತು. ಬೇಡವೆನ್ನುವುದರ ಜೊತೆಗೆ ಬದಲಿ ದಾರಿಯನ್ನೂ ಕಟ್ಟಿದವರ ಮಾತು ನಿಂತಿತು.

ಹೊಸ ಒಡಂಬಡಿಕೆ

ಈ ವಿಷಯ ಮುಗಿದ ಚರಿತ್ರೆಯಲ್ಲ. ಒಕ್ಕೂಟವು ಬಹುಕಾಲದಿಂದ ಒಂದು ಮಾತು ಹೇಳುತ್ತ ಬಂದಿದೆ: ನಮ್ಮ ಮಾರುಕಟ್ಟೆಯ ನಿಯಮಗಳು ಬದಲಾಗುತ್ತಿರುತ್ತವೆ, ನಿಮ್ಮ ಒಪ್ಪಂದಗಳು ಸಹಿ ಹಾಕಿದ ದಿನದಲ್ಲಿಯೇ ನಿಂತಿವೆ, ನಿಯಮ ಬದಲಾದಂತೆ ನೀವೂ ಬದಲಾಗಬೇಕು. ಇದಕ್ಕಾಗಿ ನಡೆದ ಒಂದು ಸುತ್ತಿನ ಮಾತುಕತೆಯನ್ನು 2021ರ ಮೇ 26ರಂದು ಸ್ವಿಸ್ ಸರ್ಕಾರವೇ ಕಡಿದುಹಾಕಿತು. 2024ರ ಮಾರ್ಚ್‌ನಲ್ಲಿ ಮತ್ತೆ ಆರಂಭವಾದ ಮಾತುಕತೆ ಅದೇ ವರ್ಷದ ಡಿಸೆಂಬರ್ 20ರಂದು ಫಲ ಕಂಡಿತು. ಮಾರುಕಟ್ಟೆ ಪ್ರವೇಶದ ಒಪ್ಪಂದಗಳಲ್ಲಿ ಸ್ವಿಟ್ಜರ್ಲೆಂಡ್ ಹೊಸ ಐರೋಪ್ಯ ನಿಯಮಗಳನ್ನು ಕಾಲಕಾಲಕ್ಕೆ ಅಳವಡಿಸಿಕೊಳ್ಳಬೇಕು. ಆದರೆ ಪ್ರತಿ ಬಾರಿಯೂ ತನ್ನ ಸಂಸತ್ತು ಮತ್ತು ಜನಮತಗಣನೆಯ ಪದ್ಧತಿಯಂತೆ ನಿರ್ಧರಿಸಬಹುದು. ಬೇಡವೆಂದರೆ ಒಕ್ಕೂಟ ಅಷ್ಟಕ್ಕೆ ತಕ್ಕ ಪ್ರತಿಕ್ರಮ ಕೈಗೊಳ್ಳಬಹುದು. ವ್ಯಾಜ್ಯ ಬಂದರೆ ಪಂಚಾಯ್ತಿಗೆ ಪಂಚರ ಮಂಡಲಿಯುಂಟು. ಐರೋಪ್ಯ ಕಾನೂನಿನ ಅರ್ಥದ ಪ್ರಶ್ನೆ ಬಂದರೆ ಐರೋಪ್ಯ ನ್ಯಾಯಾಲಯದ ಮಾತೇ ಕೊನೆಯದು.

ಇದು ಸಾರ್ವಭೌಮತ್ವದ ಅಡವು ಎಂದು ಕೆಲವರು, ಅನಿಶ್ಚಿತತೆಗೆ ಕೊನೆ ಎಂದು ಕೆಲವರು ವಾದಿಸುತ್ತಿದ್ದಾರೆ. ನಮ್ಮ ಆಸಕ್ತಿಗೆ ಮುಖ್ಯವಾದುದು ಬೇರೆ. ಅನುಸರಣೆಯಿಂದ ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಏನೇನಿದೆ ನೋಡಿ. ಭಾರವಾಹನ ಶುಲ್ಕ, 40 ಟನ್ನಿನ ಮಿತಿ, ರಾತ್ರಿ ಮತ್ತು ಭಾನುವಾರದ ಲಾರಿ ನಿಷೇಧ, ಕಸಾಯಿಗೆ ಹೋಗುವ ಪ್ರಾಣಿಗಳನ್ನು ರಸ್ತೆಯಲ್ಲಿ ದೇಶ ದಾಟಿಸುವುದಕ್ಕಿರುವ ನಿಷೇಧ, ಕುಲಾಂತರಿ ಬೆಳೆಗಳ ಬಗೆಗಿನ ಕಟ್ಟುಪಾಡು. ಕುಲಾಂತರಿ ಬೆಳೆಗೆ 2005ರ ಜನಮತಗಣನೆಯಲ್ಲಿ ಜನರೇ ತಡೆ ಹಾಕಿದ್ದರು. ಇಂದು ಈ ಪಟ್ಟಿಯಲ್ಲಿ ಉಳಿದಿರುವವುಗಳಲ್ಲಿ ಮುಖ್ಯವಾದವು ಹಿಂದೆ ಜನರು ಬೀದಿಗಿಳಿದು ಸಹಿ ಸಂಗ್ರಹಿಸಿದ, ಮತ ಹಾಕಿ ಉಳಿಸಿಕೊಂಡ ಸಂಗತಿಗಳೇ. ಯಾರೂ ಕೇಳದೆ ಬಿಟ್ಟ ವಿಷಯಗಳು ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ತೋಟದ ಬೇಲಿಯವರೆಗೆ

ಅದೇ ಒಕ್ಕೂಟದ ನಿಯಮ ನಮ್ಮ ಮಲೆನಾಡಿನ ಬೇಲಿಯನ್ನೂ ತಲುಪಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿ ಮುಂತಾದ ಒಕ್ಕೂಟದ ದೇಶಗಳು ಮುಖ್ಯ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಅರಣ್ಯನಾಶ ತಡೆಯ ಐರೋಪ್ಯ ನಿಯಮದಂತೆ ಕಾಫಿ, ಕೋಕೊ, ರಬ್ಬರ್, ಮರ ಮೊದಲಾದ ಏಳು ಬಗೆಯ ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದವಲ್ಲವೆಂದು ಕೊಳ್ಳುವವರು ತೋರಿಸಬೇಕು. ಅದಕ್ಕಾಗಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಬೇಕು. ನಾಲ್ಕು ಹೆಕ್ಟೇರ್ ಮೀರಿದ ತೋಟವಾದರೆ ಅದರ ಸುತ್ತಳತೆಯ ನಕ್ಷೆ ಬೇಕು. ನಿಯಮದ ಆಚರಣೆಯ ದಿನಾಂಕವನ್ನು ಈಗಾಗಲೇ ಎರಡು ಬಾರಿ ಮುಂದೂಡಲಾಗಿದೆ.

ಕಾಡು ಕಡಿದ ಕಾಫಿ ಬೇಡವೆನ್ನುವ ನಿಯಮದ ಉದ್ದೇಶವನ್ನು ನಮ್ಮ ಬಳಗ ವಿರೋಧಿಸಲಾಗದು, ವಿರೋಧಿಸಲೂಬಾರದು. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ಕೃಷಿಗೆ ಅದು ಗೌರವವನ್ನೇ ತರಬಹುದು. ಆದರೆ ಪುರಾವೆ ಒದಗಿಸುವ ಖರ್ಚು ಯಾರ ತಲೆಗೆ? ದೊಡ್ಡ ಎಸ್ಟೇಟಿನಲ್ಲಿ ಗುಮಾಸ್ತ, ಗಣಕಯಂತ್ರ, ಸರ್ವೆ ನಕ್ಷೆ ಎಲ್ಲವೂ ಇವೆ. ಎರಡೆಕರೆಯ ರೈತನ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿರಬಹುದು, ಪೋಡಿಯೇ ಆಗಿರದಿರಬಹುದು. ಅವನ ಕಾಫಿ ಕಾಡು ಕಡಿದದ್ದಲ್ಲವಾದರೂ ಕಾಗದ ಇಲ್ಲವೆಂಬ ಕಾರಣಕ್ಕೆ ಬೆಲೆ ಕಡಿಮೆಯಾಗುವ ಅಪಾಯವಿದೆ. ಸ್ವಿಸ್ ರೈತನಿಗೆ ಮತಪೆಟ್ಟಿಗೆಯಾದರೂ ಇತ್ತು. ನಮಗೆ ನಿಯಮದ ಸುದ್ದಿ ಬರುವುದು ವ್ಯಾಪಾರಿಯ ಬಾಯಿಂದ.

ನಾವು ಮಾಡಬಹುದಾದುದು

ಸಂವಿಧಾನಕ್ಕೆ ನೇರವಾಗಿ ತಿದ್ದುಪಡಿ ಸೂಚಿಸುವ ಅವಕಾಶ ನಮ್ಮ ದೇಶದ ಪ್ರಜೆಗಳಿಗಿಲ್ಲ. ಆದರೆ ಇರುವ ಅವಕಾಶಗಳನ್ನು ನಾವು ಎಷ್ಟು ಬಳಸಿದ್ದೇವೆ? ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಕುರಿತು 2014ರಿಂದ 2024ರ ಜುಲೈವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಟಿತು. ಪ್ರತಿ ಬಾರಿಯೂ ಆಕ್ಷೇಪಣೆ, ಸಲಹೆಗಳಿಗೆ 60 ದಿನಗಳ ಕಾಲಾವಕಾಶವಿತ್ತು. ಆ ಕರಡನ್ನು ಪೂರ್ತಿ ಓದಿ, ಗ್ರಾಮಸಭೆಯಲ್ಲಿ ಚರ್ಚಿಸಿ, ಸರ್ವೆ ನಂಬರ್ ಸಹಿತ ಲಿಖಿತ ಅಭಿಪ್ರಾಯ ಕಳುಹಿಸಿದ ಹಳ್ಳಿಗಳು ಎಷ್ಟು? ಪರವೋ ವಿರೋಧವೋ ಎಂಬುದು ನಂತರದ ಮಾತು. ಓದದೆ ಕೂಗಿದ ಕೂಗನ್ನು ಮೇಜಿನ ಬಳಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ಮನೆಯವರಿಗೆ ಕರಡು ಕಾನೂನು ಓದಿ ಹೇಳುವುದಕ್ಕೂ ಬಳಸಿ. ತೋಟದ ನಕ್ಷೆ ಬೇಕಾದರೆ ಮೊಬೈಲ್ ಹಿಡಿದು ನೆರೆಯ ಅಜ್ಜನ ಜೊತೆ ಬೇಲಿ ಸುತ್ತಿ ಬನ್ನಿ. ನಿಮ್ಮೂರ ಘಟ್ಟದ ರಸ್ತೆಯಲ್ಲಿ ದಿನಕ್ಕೆ ಎಷ್ಟು ಲಾರಿ, ಎಷ್ಟು ಭಾರ, ಯಾವ ಹೊತ್ತಿನಲ್ಲಿ ಎಂಬುದನ್ನು ಎಣಿಸಿ ಬರೆದಿಡಿ. 

ಹಿರಿಯರಲ್ಲಿ ನನ್ನ ವಿನಂತಿ ಬೇರೆ. ಬೆಟ್ಟದ ವಿಷಯದಲ್ಲಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಟ್ಟುಕೊಡಲಾಗದು ಎಂಬುದನ್ನು ಗ್ರಾಮಸಭೆಯಲ್ಲಿ ಈಗಲೇ ಕುಳಿತು ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿಡಿ. ಯೋಜನೆ ಮಂಜೂರಾದ ಮೇಲೆ, ಒಪ್ಪಂದಕ್ಕೆ ಸಹಿಯಾದ ಮೇಲೆ ಬರೆಯಲು ಹೊರಟರೆ ನಮಗೆ ಸಿಗುವುದು ಪರಿಹಾರದ ಮೊತ್ತದ ಚೌಕಾಸಿ ಮಾತ್ರ. ಮಾರುಕಟ್ಟೆ ದೊಡ್ಡದು, ಅದರ ನಿಯಮಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಒಳ್ಳೆಯವನ್ನು ಒಪ್ಪೋಣ, ಕೆಟ್ಟವನ್ನು ಪ್ರಶ್ನಿಸೋಣ. ಆದರೆ ಅವು ಬರುವ ಮೊದಲೇ ನಮ್ಮ ವಾಕ್ಯವನ್ನು ನಾವು ಬರೆದಿಟ್ಟಿರೋಣ.